ಮೊದಲು ನೆರಳು, ಆಮೇಲೆ ಬಾಟಲಿ: ಆರ್‌ವಿ ಸ್ಟಿಕ್ಕರ್‌ಗಳನ್ನು ಬಿಸಿಲು ಮಳೆಯಿಂದ ಉಳಿಸಿಕೊಳ್ಳುವ ಬಗೆ

ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಆರ್‌ವಿಗಳನ್ನು, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಪ್ರವಾಸದ ಗಾಡಿಗಳನ್ನು, ನಿಲ್ಲಿಸುವ ಯಾವ ಸ್ಟೋರೇಜ್ ಯಾರ್ಡ್‌ಗೆ ಬೇಕಾದರೂ ಹೋಗಿ ನೋಡಿ. ಗಾಡಿ ಗಟ್ಟಿಯಾಗಿರುತ್ತದೆ, ಟೈರ್ ಹೊಸದಿರುತ್ತದೆ, ಒಳಗೆ ಅಡುಗೆಕಟ್ಟೆ ಫಳಫಳ ಹೊಳೆಯುತ್ತಿರುತ್ತದೆ. ಆದರೆ ಹೊರಮೈಯ ಕಪ್ಪು, ಕೆಂಪು ಸ್ಟಿಕ್ಕರ್ ಪಟ್ಟೆಗಳು ಮಾತ್ರ ಸಣ್ಣ ಸಣ್ಣ ಬಿರುಕು ಬಿಟ್ಟು, ಅಂಚು ಸುರುಳಿಯಾಗಿ ಎದ್ದಿರುತ್ತವೆ. ಮಾರಲು ಹೋದರೆ ಕೊಳ್ಳುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಎಂಜಿನ್ ಎಷ್ಟು ಚೆನ್ನಾಗಿದ್ದರೂ ಅವರು ಚೌಕಾಸಿ ಶುರು ಮಾಡುವುದು ಆ ಪಟ್ಟೆ ತೋರಿಸಿಯೇ.

ಅಮೆರಿಕದಲ್ಲಿ ಟ್ರೇಲರ್ ಅಥವಾ ಮೋಟರ್‌ಹೋಮ್ ಇಟ್ಟುಕೊಂಡಿರುವ ಕನ್ನಡದವರಿಗೆ, ಅದರಲ್ಲೂ ಅರಿಜೋನಾ, ನೆವಾಡಾ ಕಡೆಯ ಬಿಸಿಲಿನಲ್ಲಿ ಗಾಡಿ ನಿಲ್ಲಿಸುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅಂಗಡಿಗೆ ಹೋದರೆ ಹತ್ತಾರು ಬಾಟಲಿಗಳು ಸಾಲಾಗಿ ನಿಂತಿರುತ್ತವೆ, ಎಲ್ಲದರ ಮೇಲೂ ‘ಯುವಿ ರಕ್ಷಣೆ’, ಅಂದರೆ ಅತಿನೇರಳೆ ಕಿರಣದಿಂದ ರಕ್ಷಣೆ, ಎಂದು ಬರೆದಿರುತ್ತದೆ. ಅವುಗಳಲ್ಲಿ ಕೆಲವು ಒಳ್ಳೆಯವೇ. ಆದರೆ ಸ್ಟಿಕ್ಕರ್ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ನೀವು ಗಾಡಿಯನ್ನು ಎಲ್ಲಿ, ಯಾವ ದಿಕ್ಕಿಗೆ ನಿಲ್ಲಿಸುತ್ತೀರಿ ಎನ್ನುವುದು. ಎರಡನೆಯದು ತೊಳೆಯುವ ರೀತಿ. ಬಾಟಲಿಯ ಪಾಳಿ ಮೂರನೆಯದು. ನಾನೂ ಅದೇ ಕ್ರಮದಲ್ಲಿ ಹೇಳುತ್ತೇನೆ.

ಬಿಸಿಲು ಮಾಡುವುದೇನು?

ಈ ಸ್ಟಿಕ್ಕರ್‌ಗಳೆಲ್ಲ ವಿನೈಲ್. ವಿನೈಲ್ ಎಂದರೆ ಪಿವಿಸಿ, ಮನೆಯ ನೀರಿನ ಪೈಪಿನದೇ ಜಾತಿ. ಪೈಪು ಗಟ್ಟಿ, ಸ್ಟಿಕ್ಕರ್ ಮೆತ್ತಗೆ. ಏಕೆಂದರೆ ಸ್ಟಿಕ್ಕರ್‌ಗೆ ಪ್ಲಾಸ್ಟಿಸೈಸರ್ ಎಂಬ ಮೆತ್ತಗೆ ಮಾಡುವ ಪದಾರ್ಥ ಬೆರೆಸಿರುತ್ತಾರೆ. ಬಿಸಿಗೆ ಅದು ನಿಧಾನವಾಗಿ ಹೊರಗೆ ಜಾರಿಹೋಗುತ್ತದೆ. ಇನ್ನೊಂದು ಕಡೆ ಅತಿನೇರಳೆ ಕಿರಣಗಳು ಪಿವಿಸಿಯನ್ನೇ ಒಳಗಿನಿಂದ ಮುರಿಯುತ್ತವೆ. ಮಾಳಿಗೆ ಮೇಲೆ ಮರೆತುಬಿಟ್ಟ ಪ್ಲಾಸ್ಟಿಕ್ ಬಕೆಟ್ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಬಿಳಚಿಕೊಂಡು, ಎತ್ತಿದರೆ ಪಟ್ ಅಂತ ಒಡೆಯುತ್ತದಲ್ವಾ? ಇಲ್ಲೂ ಹೆಚ್ಚುಕಡಿಮೆ ಅದೇ ಕಥೆ.

ಬಣ್ಣಗಳಲ್ಲೂ ವ್ಯತ್ಯಾಸ ಇದೆ. ಕೆಂಪು, ಹಳದಿ ಬೇಗ ಮಾಸುತ್ತವೆ. ಕಪ್ಪು ಅಷ್ಟಾಗಿ ಮಾಸುವುದಿಲ್ಲ, ಆದರೆ ಬಿಸಿಯನ್ನೆಲ್ಲ ಹೀರಿಕೊಂಡು ಮೊದಲು ಬಿರುಕು ಬಿಡುವುದು ಅದೇ.

ವಿನೈಲ್‌ನಲ್ಲಿ ಎರಡು ಬಗೆ. ಒಂದನ್ನು ದ್ರವವಾಗಿ ಹಾಳೆಯ ಮೇಲೆ ಸುರಿದು, ಒಲೆಯಲ್ಲಿ ಬೇಯಿಸಿ ತೆಗೆಯುತ್ತಾರೆ. ಇದಕ್ಕೆ ಕಾಸ್ಟ್ ವಿನೈಲ್ ಎನ್ನುತ್ತಾರೆ, ಸುಮಾರು 50 ಮೈಕ್ರಾನ್ ದಪ್ಪ. ಇನ್ನೊಂದನ್ನು ಬಿಸಿ ರೋಲರ್‌ಗಳ ನಡುವೆ ಒತ್ತಿ ಹಿಗ್ಗಿಸುತ್ತಾರೆ. ಇದು ಕ್ಯಾಲೆಂಡರ್ಡ್ ವಿನೈಲ್, ಇನ್ನೂ ಸ್ವಲ್ಪ ದಪ್ಪ, ಅಗ್ಗ. ಹಿಗ್ಗಿಸಿದ್ದು ಬಿಸಿ ತಾಗಿದಾಗ ಮತ್ತೆ ಕುಗ್ಗಲು ನೋಡುತ್ತದೆ. ಹಳೆಯ ಪಟ್ಟೆಯ ಅಂಚಿನಲ್ಲಿ ದಾರದಷ್ಟು ಅಗಲದ ಕೊಳಕು ಗೆರೆ ಕಂಡರೆ, ವಿನೈಲ್ ಕುಗ್ಗಿ ಹೊರಗೆ ಉಳಿದ ಅಂಟು ಅದು. ಆ ಅಂಟಿನ ಮೇಲೆ ಧೂಳು ಕೂತಿರುತ್ತದೆ.

ಬಣ್ಣ, ಪ್ಲಾಸ್ಟಿಕ್ ತಯಾರಿಸುವ ಕಂಪನಿಗಳು ತಮ್ಮ ಮಾಲು ಎಷ್ಟು ಬಾಳುತ್ತದೆ ಎಂದು ನೋಡಲು ಅದರ ತುಂಡುಗಳನ್ನು ಬಯಲಲ್ಲಿ ಬಿಸಿಲಿಗೆ ಇಡುತ್ತವೆ. ಅದಕ್ಕೆ ಆರಿಸಿಕೊಂಡಿರುವ ಎರಡು ಮುಖ್ಯ ಜಾಗಗಳು ದಕ್ಷಿಣ ಫ್ಲೋರಿಡಾ ಮತ್ತು ಅರಿಜೋನಾದ ಮರುಭೂಮಿ. ಅಂದರೆ ಫೀನಿಕ್ಸ್‌ನಲ್ಲಿ ಗಾಡಿ ನಿಲ್ಲಿಸಿದವರು ಆ ಪರೀಕ್ಷೆಯನ್ನು ಬಿಟ್ಟಿಯಾಗಿ ಮಾಡಿಕೊಡುತ್ತಿದ್ದಾರೆ! 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಸೆಲ್ಸಿಯಸ್‌ನಲ್ಲಿ 43 ಡಿಗ್ರಿ ಮೇಲೆ.

ಹಾಗಂತ ತಂಪು ಜಾಗದಲ್ಲಿ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಪ್ರತಿ 1,000 ಮೀಟರ್ ಎತ್ತರಕ್ಕೆ ಅತಿನೇರಳೆ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತದೆ. ಅರಿಜೋನಾದ್ದೇ ಊರಾದ ಫ್ಲಾಗ್‌ಸ್ಟಾಫ್ ಇರುವುದು ಸುಮಾರು 2,100 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ಹಿತವಾಗಿರುತ್ತದೆ, ಬಿಸಿಲು ಹಾಗಿರುವುದಿಲ್ಲ. ಹಿಮ ಬಿದ್ದರಂತೂ ಕೆಳಗಿನಿಂದಲೂ ಏಟು. ಹೊಸ ಹಿಮ ಅತಿನೇರಳೆ ಕಿರಣದಲ್ಲಿ 80 ಶೇಕಡಾದವರೆಗೂ ವಾಪಸ್ ಎಸೆಯುತ್ತದೆ.

ಹಂತ 1: ಈಗಿನ ಸ್ಥಿತಿ ನೋಡಿಕೊಳ್ಳಿ

ಬೆಳಗಿನ ಹೊತ್ತು, ಗಾಡಿ ತಣ್ಣಗಿರುವಾಗ, ಕಪ್ಪು ಬಟ್ಟೆಯ ತುಂಡೊಂದನ್ನು ಹಿಡಿದು ಸುತ್ತು ಹಾಕಿ. ಪಟ್ಟೆಯ ಮೇಲೆ ಬಟ್ಟೆಯನ್ನು ಒಂದು ಸಲ ಉಜ್ಜಿ. ಬಿಳಿ ಪುಡಿ ಅಂಟಿದರೆ ಮೇಲ್ಪದರ ಸಾಯಲು ಶುರುವಾಗಿದೆ ಎಂದರ್ಥ. ಆಮೇಲೆ ಬೆರಳ ತುದಿಯಿಂದ ಅಂಚನ್ನು ಸವರಿ. ನುಣುಪಾಗಿ ಹೋದರೆ ಸರಿ. ತೊಡರಿದರೆ ಅಂಚು ಎದ್ದಿದೆ. ಕಣ್ಣನ್ನು ಪಟ್ಟೆಯ ಮಟ್ಟಕ್ಕೆ ತಂದು ಓರೆಯಾಗಿ ನೋಡಿದರೆ, ನೇರವಾಗಿ ಕಾಣದ ಕೂದಲೆಳೆಯಂಥ ಬಿರುಕುಗಳೂ ಕಾಣುತ್ತವೆ.

ಬರೀ ಮಾಸಲಾಗಿದ್ದರೆ ಮುಂದಿನ ಹಂತಗಳಿಂದ ಉಪಯೋಗ ಇದೆ. ಬಿರುಕು ಬಿಟ್ಟಿದ್ದರೆ ಯಾವ ದ್ರವವೂ ಅದನ್ನು ಕೂಡಿಸುವುದಿಲ್ಲ. ಸೀದಾ ಕೊನೆಯ ಎರಡು ಹಂತಗಳಿಗೆ ಹೋಗಿ, ದುಡ್ಡು ಉಳಿಸಿಕೊಳ್ಳಿ.

ಹಂತ 2: ನೆರಳು, ಅದಿಲ್ಲದಿದ್ದರೆ ದಿಕ್ಕು

ಚಾವಣಿ ಇರುವ ಸ್ಟೋರೇಜ್ ಸಿಕ್ಕರೆ, ಬಾಡಿಗೆ ಕೈಗೆಟಕಿದರೆ, ಬೇರೆ ಯೋಚನೆ ಬೇಡ. ಗೋಡೆ ಇರಬೇಕಿಲ್ಲ, ಮೇಲೆ ತಗಡು ಇದ್ದರೂ ಸಾಕು. ರೂಫ್, ಟೈರ್, ಕಿಟಕಿ ರಬ್ಬರ್ ಎಲ್ಲಕ್ಕೂ ಅದರಿಂದ ಲಾಭ. ಸ್ಟಿಕ್ಕರ್ ಒಂದಕ್ಕೇ ಅಲ್ಲ.

ಬಯಲಲ್ಲೇ ನಿಲ್ಲಿಸಬೇಕಾದರೆ ದಿಕ್ಕು ನೋಡಿ ನಿಲ್ಲಿಸಿ. ಇದಕ್ಕೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಬೇಸಿಗೆಯಲ್ಲಿ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿ ಮೇಲೆ ಇರುತ್ತಾನೆ. ಆಗ ದಕ್ಷಿಣದ ಗೋಡೆಗೆ ಬಿಸಿಲು ಸವರಿಕೊಂಡು ಹೋಗುತ್ತದೆ ಅಷ್ಟೇ. ನೇರವಾಗಿ ಹೊಡೆಯುವುದು ಬೆಳಗ್ಗೆ ಪೂರ್ವದ ಗೋಡೆಗೆ, ಸಂಜೆ ಪಶ್ಚಿಮದ ಗೋಡೆಗೆ. ಹಾಗಾಗಿ ಬೇಸಿಗೆಗೆ ಗಾಡಿಯನ್ನು ಪೂರ್ವ-ಪಶ್ಚಿಮವಾಗಿ ಉದ್ದಕ್ಕೆ ನಿಲ್ಲಿಸಿ. ಉದ್ದದ ಎರಡು ಮೈಗಳೂ ಉತ್ತರ, ದಕ್ಷಿಣಕ್ಕೆ ತಿರುಗಿರುತ್ತವೆ. ಮೂತಿ ಪೂರ್ವಕ್ಕಿರಲಿ. ಪಶ್ಚಿಮಕ್ಕಿದ್ದರೆ ದಿನವಿಡೀ ಕಾದ ಮೇಲೆ ಸಂಜೆಯ ಬಿಸಿಲೂ ಅದರ ಮೇಲೇ ಬೀಳುತ್ತದೆ.

ಚಳಿಗಾಲದಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಸೂರ್ಯ ದಕ್ಷಿಣಕ್ಕೆ ವಾಲಿ ತಗ್ಗಿನಲ್ಲಿರುತ್ತಾನೆ. ದಕ್ಷಿಣದ ಗೋಡೆ ಇಡೀ ದಿನ ಎದೆಯೊಡ್ಡಿ ನಿಲ್ಲಬೇಕು. ಆದ್ದರಿಂದ ಗಾಡಿಯನ್ನು ಉತ್ತರ-ದಕ್ಷಿಣವಾಗಿ ತಿರುಗಿಸಿ, ಹಿಂಭಾಗ ದಕ್ಷಿಣಕ್ಕೆ ಇರಲಿ. ಹಿಂಭಾಗವೇ ಯಾಕೆ? ಮೂತಿ ಓರೆಯಾಗಿರುತ್ತದೆ, ಮೇಲಿನ ಬಿಸಿಲೂ ಅದಕ್ಕೆ ತಾಗುತ್ತದೆ. ಯಾವ ಯಾರ್ಡ್‌ನಲ್ಲಿ ನೋಡಿದರೂ ಮೊದಲು ಹಾಳಾಗಿರುವುದು ಮೂತಿಯ ಸ್ಟಿಕ್ಕರ್. ವಿನೈಲ್ ತಯಾರಕರು ಕೂಡ ಮಲಗಿದ ಮೇಲ್ಮೈಗೆ, ನೆಟ್ಟಗೆ ನಿಂತ ಮೇಲ್ಮೈಗಿಂತ ಕಡಿಮೆ ವಾರಂಟಿ ಕೊಡುವುದು ಇದಕ್ಕೇ.

ಯಾರ್ಡ್‌ನಲ್ಲಿ ಗೆರೆ ಎಳೆದಿರುತ್ತಾರೆ, ಬೇಕಾದ ಹಾಗೆ ತಿರುಗಿಸಲು ಆಗದು. ಅಂಥ ಕಡೆ ಪ್ರತಿ ಸಲ ಬಂದಾಗ ಒಮ್ಮೆ ಮೂತಿ ಒಳಗೆ, ಒಮ್ಮೆ ಹಿಂಭಾಗ ಒಳಗೆ ಮಾಡಿ ನಿಲ್ಲಿಸಿ. ಬಿಸಿಲಿನ ಏಟು ಎರಡು ಬದಿಗೂ ಹಂಚಿಹೋಗುತ್ತದೆ. ಒಂದು ಬದಿ ಪೂರಾ ಸತ್ತು ಇನ್ನೊಂದು ಬದಿ ಹೊಸದಾಗಿರುವ ಗಾಡಿ ನೋಡಲು ಇನ್ನೂ ಅಸಹ್ಯ.

ಮನೆ ಅಂಗಳದಲ್ಲಿ ನಿಲ್ಲಿಸುವವರು ಪಶ್ಚಿಮದ ಕಡೆ ಶೇಡ್ ನೆಟ್ ಕಟ್ಟಬಹುದು. ನಮ್ಮೂರ ನರ್ಸರಿಗಳಲ್ಲಿ ಕಟ್ಟುತ್ತಾರಲ್ಲ, ಅದೇ. ಗಾಡಿಯ ಮೈಗೆ ತಾಗದಂತೆ ಬೇರೆ ಕಂಬಕ್ಕೆ ಕಟ್ಟಿ. ಮರದ ನೆರಳಿಗೆ ಮಾತ್ರ ಬೇಗ ಮರುಳಾಗಬೇಡಿ. ಫೀನಿಕ್ಸ್‌ನಲ್ಲಿ ಎಲ್ಲೆಡೆ ಇರುವ ಮೆಸ್ಕೀಟ್ ಮರ ಕಪ್ಪಗಿನ ಅಂಟು ಸುರಿಸುತ್ತದೆ. ಹಕ್ಕಿ ಹಿಕ್ಕೆ ಬೇರೆ.

ಹಂತ 3: ಹೊದಿಕೆ ಹಾಕಬೇಕಾ?

ತಿಂಗಳುಗಟ್ಟಲೆ ಕದಲಿಸದ ಗಾಡಿಗೆ ಹಾಕಿ. ಎರಡು ವಾರಕ್ಕೊಮ್ಮೆ ಓಡಾಡುವ ಗಾಡಿಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಪ್ರತಿ ಸಲ ಏಣಿ ಹತ್ತಿ ಎಳೆದಾಡುವಾಗ ಹೊದಿಕೆಯ ಒಳಗಿನ ಧೂಳು ಮೈಯನ್ನು ಉಜ್ಜುತ್ತದೆ.

ಹಾಕುವುದಾದರೆ ಗಾಳಿಯಾಡುವ ಬಟ್ಟೆಯದ್ದು ಇರಲಿ, ನಿಮ್ಮ ಗಾಡಿಯ ಅಳತೆಯದ್ದೇ ಇರಲಿ. ನೀಲಿ ಟಾರ್ಪಾಲ್ ಸುತ್ತಬೇಡಿ. ಒಳಗೆ ಹಬೆ ಕಟ್ಟುತ್ತದೆ, ಗಾಳಿಗೆ ಪಟಪಟ ಬಡಿದು ಸ್ಟಿಕ್ಕರ್ ತೇಯುತ್ತದೆ. ಮುಚ್ಚುವ ಮೊದಲು ಗಾಡಿ ತೊಳೆದು ಪೂರ್ತಿ ಒಣಗಿಸಿ. ಗಟರ್ ಮೂಲೆ, ಏಣಿ, ಕನ್ನಡಿಯಂಥ ಚೂಪು ಜಾಗಕ್ಕೆ ಹಳೆ ಟವೆಲ್ ಸುತ್ತಿ. ಪಟ್ಟಿಗಳನ್ನು ಬಿಗಿಯಾಗಿ ಕಟ್ಟಿ. ಅರಿಜೋನಾದಲ್ಲಿ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ ಮಾನ್ಸೂನ್. ಹಬೂಬ್ ಎನ್ನುವ ಧೂಳಿನ ಬಿರುಗಾಳಿ ಎದ್ದರೆ ಸಡಿಲವಾದ ಹೊದಿಕೆ ಮರಳು ಕಾಗದದ ಕೆಲಸ ಮಾಡುತ್ತದೆ.

ಹಂತ 4: ತೊಳೆಯುವುದು ಮೇಲಿನಿಂದ, ತಣ್ಣಗಿರುವಾಗ

ಮುಂಗೈಯನ್ನು ಗಾಡಿಯ ಮೈಗೆ ಇಟ್ಟು ನೋಡಿ. ಆರಾಮಾಗಿ ಇಡಲು ಆಗದಿದ್ದರೆ ಅವತ್ತು ಆ ಹೊತ್ತಿಗೆ ತೊಳೆಯಬೇಡಿ. ಕಾದ ಮೈಮೇಲೆ ಸೋಪು ಅಲ್ಲೇ ಒಣಗಿ ಕಲೆ ಬಿಡುತ್ತದೆ.

ಶುರು ಮಾಡಬೇಕಾದದ್ದು ರೂಫ್‌ನಿಂದ. ಪಕ್ಕದ ಮೈಮೇಲೆ ಕಾಣುವ ಕಪ್ಪು, ಬಿಳಿ ಗೆರೆಗಳ ಮೂಲ ಅಲ್ಲೇ. ಬಹಳಷ್ಟು ಟ್ರೇಲರ್‌ಗಳ ರೂಫ್ ಇಪಿಡಿಎಂ ರಬ್ಬರಿನದ್ದು. ಅದು ವಯಸ್ಸಾಗುತ್ತಾ ಸೀಮೆಸುಣ್ಣದಂಥ ಬಿಳಿ ಪುಡಿ ಬಿಡುತ್ತದೆ. ಮಳೆ ಬಂದಾಗ ಆ ಪುಡಿ, ಅದರ ಮೇಲಿನ ಧೂಳು ಎರಡೂ ಗಟರ್‌ನ ಮೂತಿಯಿಂದ ಇಳಿದು ಸೀದಾ ಸ್ಟಿಕ್ಕರ್ ಮೇಲೆ ಹರಿಯುತ್ತವೆ. ಅದಕ್ಕೇ ರೂಫ್ ತೊಳೆಯುವಾಗ ಪಕ್ಕದ ಮೈಯನ್ನು ಮೊದಲೇ ಒದ್ದೆ ಮಾಡಿ, ಆಗಾಗ ನೀರು ಹಾಯಿಸುತ್ತಿರಿ. ಹಾಲಿನಂಥ ನೀರು ಮೈಮೇಲೆ ಒಣಗಬಾರದು. ಗಟರ್ ಮೂತಿಗೆ ಸಿಕ್ಕಿಸುವ ಉದ್ದದ ಪ್ಲಾಸ್ಟಿಕ್ ತುದಿಗಳು ಸಿಗುತ್ತವೆ, ಹಾಕಿಸಿಬಿಡಿ. ನೀರು ಗೋಡೆಯಿಂದ ದೂರ ಬೀಳುತ್ತದೆ. ಇಷ್ಟು ಸಣ್ಣ ಸಾಮಾನು ಮಾಡುವ ಉಪಕಾರ ದುಬಾರಿ ವ್ಯಾಕ್ಸ್ ಕೂಡ ಮಾಡುವುದಿಲ್ಲ.

ಪಕ್ಕದ ಮೈಗೆ ಕಾರು ತೊಳೆಯುವ, ಪಿಎಚ್ ಸಮವಾಗಿರುವ ಸೋಪು ಹಾಕಿ. ಪಾತ್ರೆ ತೊಳೆಯುವ ಸೋಪು ಹಿಂದೆ ಹಚ್ಚಿದ ರಕ್ಷಣೆಯನ್ನೆಲ್ಲ ತೊಳೆದುಬಿಡುತ್ತದೆ. ಮೈಕ್ರೋಫೈಬರ್ ಕೈಗವಸು ಅಥವಾ ಮೆತ್ತನೆ ಬ್ರಶ್ ಸಾಕು. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಸೋಪು, ಇನ್ನೊಂದರಲ್ಲಿ ಕೈಗವಸು ಜಾಲಿಸುವ ನೀರು. ಪಟ್ಟೆಯ ಮೇಲೆ ಅದರ ಉದ್ದಕ್ಕೇ ಉಜ್ಜಿ, ಅಂಚಿಗೆ ಎದುರಾಗಿ ಉಜ್ಜಬೇಡಿ.

ಪ್ರೆಶರ್ ವಾಷರ್ ಇಲ್ಲದೆ ಕೆಲಸ ಸಾಗಿದರೆ ಒಳ್ಳೆಯದು. ಬಳಸಲೇಬೇಕೆಂದರೆ ವಿನೈಲ್ ತಯಾರಿಸುವ ತ್ರೀಎಂ ಕಂಪನಿ ಹೇಳುವ ಮಿತಿ ಹೀಗಿದೆ: ಒತ್ತಡ 2,000 ಪಿಎಸ್‌ಐ ದಾಟಬಾರದು, ನೀರು 120 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಬಿಸಿ ಇರಬಾರದು, 40 ಡಿಗ್ರಿ ಅಗಲಕ್ಕೆ ಚೆಲ್ಲುವ ನಾಜಲ್ ಇರಬೇಕು, ಕನಿಷ್ಠ ಒಂದಡಿ ದೂರದಿಂದ, ಮೈಗೆ ನೇರವಾಗಿ ಹಿಡಿಯಬೇಕು. ಈ ಕೊನೆಯದೇ ಮುಖ್ಯ. ಓರೆಯಾಗಿ ಹಿಡಿದರೆ ನೀರು ಅಂಚಿನ ಕೆಳಗೆ ನುಗ್ಗಿ ಪಟ್ಟೆಯನ್ನೇ ಎಬ್ಬಿಸುತ್ತದೆ.

ಮೂತಿಗೆ ಅಂಟಿದ ಹುಳಗಳನ್ನು ಕೆರೆಯಬೇಡಿ. ಒದ್ದೆ ಟವೆಲ್ ಹತ್ತು ನಿಮಿಷ ಅಂಟಿಸಿಟ್ಟರೆ ತಾವೇ ಮೆತ್ತಗಾಗುತ್ತವೆ. ಹಕ್ಕಿ ಹಿಕ್ಕೆಯನ್ನು ಕಂಡ ದಿನವೇ ತೆಗೆಯಿರಿ. ಮೋಟರ್‌ಹೋಮ್ ಇರುವವರು ಇಂಧನ ತುಂಬುವ ಮುಚ್ಚಳದ ಕೆಳಗಿನ ಪಟ್ಟೆಯನ್ನು ಗಮನಿಸಿ. ಅಲ್ಲಿ ಚೆಲ್ಲಿದ ಪೆಟ್ರೋಲ್, ಡೀಸೆಲ್ ಅಂಟನ್ನು ಕರಗಿಸುತ್ತದೆ. ಚೆಲ್ಲಿದ ಕೂಡಲೇ ಒರೆಸಿ ತೊಳೆಯಿರಿ. ಹಟಮಾರಿ ಕಲೆಗೆ ಎರಡು ಭಾಗ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಭಾಗ ನೀರು ಬೆರೆಸಿ, ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಒರೆಸಿ.

ಕೊನೆಗೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಫೀನಿಕ್ಸ್ ನೀರು ಗಡಸು. ಬೋರ್‌ವೆಲ್ ನೀರಿನಲ್ಲಿ ಬೆಳೆದವರಿಗೆ ಆ ಬಿಳಿ ಕಲೆ ಹೊಸದಲ್ಲ. ಕೂತುಬಿಟ್ಟರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಕೂಡಲೇ ತೊಳೆದುಬಿಡಿ.

ಹಂತ 5: ಈಗ ಬಾಟಲಿ

ಬಾಟಲಿ ಮೇಲೆ ‘ಯುವಿ’ ಎಂದಿದ್ದರೆ ಸಾಲದು, ವಿನೈಲ್‌ಗೆ ಬಳಸಬಹುದು ಎಂದೂ ಇರಬೇಕು. ಆರ್‌ವಿ ಮತ್ತು ದೋಣಿಯವರು ಜಾಸ್ತಿ ಬಳಸುವುದು 303 ಏರೋಸ್ಪೇಸ್ ಪ್ರೊಟೆಕ್ಟಂಟ್. ನೀರಿನ ಆಧಾರದ್ದು, ಹಚ್ಚುವುದು ಸುಲಭ. ಆದರೆ ನಾಲ್ಕೈದು ವಾರಕ್ಕೊಮ್ಮೆ ಮತ್ತೆ ಹಚ್ಚಬೇಕು. ವರ್ಷಕ್ಕೊಮ್ಮೆ ಹಚ್ಚಿ ಸುಮ್ನೆ ಕೂತರೆ ಏನೂ ಪ್ರಯೋಜನ ಇಲ್ಲ.

ತೊಳೆದು ಒಣಗಿದ, ತಣ್ಣಗಿನ ಮೈಮೇಲೆ, ನೆರಳಿನಲ್ಲಿ ಹಚ್ಚಿ. ಬಟ್ಟೆಗೆ ಸಿಂಪಡಿಸಿ, ಪಟ್ಟೆಯ ಮೇಲೆ ತೆಳುವಾಗಿ ಹರಡಿ. ತಾನಾಗಿ ಒಣಗಲು ಬಿಡಬೇಡಿ. ಇನ್ನೊಂದು ಒಣ ಬಟ್ಟೆಯಿಂದ ಪೂರ್ತಿ ಒಣಗುವವರೆಗೆ ಉಜ್ಜಿ. ಜಿಡ್ಡು ಉಳಿದರೆ ಧೂಳು ಅಂಟುತ್ತದೆ, ಗೆರೆ ಕಾಣುತ್ತದೆ. ಒಂದು ಕೈಯಲ್ಲಿ ಹಚ್ಚುತ್ತಾ ಇನ್ನೊಂದು ಕೈಯಲ್ಲಿ ಒರೆಸುತ್ತಾ ಎರಡೆರಡು ಅಡಿ ಮುಂದೆ ಹೋಗುವುದು ಸರಿಯಾದ ಲಯ.

ಪಾಲಿಮರ್ ಸೀಲಂಟ್, ಸೆರಾಮಿಕ್ ಕೋಟಿಂಗ್ ಜಾಸ್ತಿ ದಿನ ನಿಲ್ಲುತ್ತವೆ. ಕೊಳೆ ಅಂಟದಂತೆ ನೋಡಿಕೊಳ್ಳುತ್ತವೆ, ತೊಳೆಯುವ ಶ್ರಮ ಕಡಿಮೆ ಮಾಡುತ್ತವೆ. ಹೊಸ ಗಾಡಿಗೆ ಹಚ್ಚಿಸಿದರೆ ಒಳ್ಳೆಯದೇ. ಆದರೆ ಅದನ್ನು ಹಚ್ಚಿದೆವು, ಇನ್ನು ಬಿಸಿಲಲ್ಲಿ ಎಷ್ಟು ದಿನ ಬಿಟ್ಟರೂ ಸರಿ ಎಂದು ನಂಬಬೇಡಿ.

ಬೇಡವಾದವು ಹಲವು. ಅಸಿಟೋನ್, ಥಿನ್ನರ್ ಬೇಡ. ಪೆಟ್ರೋಲಿಯಂ ದ್ರಾವಕ ಇರುವ ವ್ಯಾಕ್ಸ್ ಬೇಡ. ಮ್ಯಾಜಿಕ್ ಎರೇಸರ್ ಬೇಡ, ಅದು ಬಹಳ ನುಣ್ಣಗಿನ ಉಪ್ಪುಕಾಗದವೇ. ಫೈಬರ್‌ಗ್ಲಾಸ್ ಗೋಡೆಗೆ ಹೊಳಪು ಬರಿಸಲು ಕಾಂಪೌಂಡ್ ಹಾಕಿ ಮಷೀನ್ ಆಡಿಸುವಾಗ, ಸ್ಟಿಕ್ಕರ್‌ಗಳ ಅಂಚಿಗೆ ಪೇಂಟರ್ಸ್ ಟೇಪ್ ಹಚ್ಚಿ ಮುಚ್ಚಿ. ಕೆಲವರು ನೆಲಕ್ಕೆ ಹಚ್ಚುವ ಅಕ್ರಿಲಿಕ್ ಪಾಲಿಶನ್ನು ಗಾಡಿಗೆ ಬಳಿಯುತ್ತಾರೆ. ಅವತ್ತು ಹೊಸ ಗಾಡಿಯ ಹಾಗೆ ಕಾಣುತ್ತದೆ, ನಿಜ. ಆಮೇಲೆ ಅದು ಹಳದಿಯಾಗಿ, ಪೊರೆ ಪೊರೆಯಾಗಿ ಏಳಲು ಶುರುವಾದರೆ ತೆಗೆಯುವುದು ದೊಡ್ಡ ಕೆಲಸ. ಸ್ಟಿಕ್ಕರ್ ಮೇಲಂತೂ ಬೇಡವೇ ಬೇಡ.

ಹಂತ 6: ಎದ್ದ ಅಂಚಿಗೆ

ವಿನೈಲ್ ಇನ್ನೂ ಮೆತ್ತಗಿದ್ದರೆ ಉಳಿಸಬಹುದು. ಅಂಚಿನ ಕೆಳಗಿನ ಧೂಳನ್ನು ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ತೆಗೆಯಿರಿ. ಒಣಗಿದ ಮೇಲೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಒಳಗಿನಿಂದ ಅಂಚಿನ ಕಡೆಗೆ ಒತ್ತಿ. ವಿನೈಲ್‌ಗೆಂದೇ ಮಾಡಿದ ಎಡ್ಜ್ ಸೀಲರ್ ಸಿಗುತ್ತದೆ. ಅದರ ತೆಳು ಗೆರೆಯೊಂದನ್ನು ಅಂಚಿನ ಉದ್ದಕ್ಕೂ ಎಳೆಯಿರಿ. ಮನೆಯಲ್ಲಿರುವ ಸೂಪರ್ ಗ್ಲೂ ಹಾಕಬೇಡಿ, ಅದು ಗಟ್ಟಿಯಾಗಿ ವಿನೈಲನ್ನೇ ಸೀಳುತ್ತದೆ.

ಹಂತ 7: ಸತ್ತ ಸ್ಟಿಕ್ಕರ್ ತೆಗೆಯುವುದು

ಹೀಟ್ ಗನ್ ಅಥವಾ ಹೇರ್ ಡ್ರೈಯರ್ ಹಿಡಿದು ಒಂದು ಮೂಲೆ ಬೆಚ್ಚಗೆ ಮಾಡಿ, ಪ್ಲಾಸ್ಟಿಕ್ ಬ್ಲೇಡ್‌ನಿಂದ ಎಬ್ಬಿಸಿ, ನಿಧಾನವಾಗಿ ಎಳೆಯಿರಿ. ಅವಸರ ಮಾಡಿದರೆ ಚೂರು ಚೂರಾಗುತ್ತದೆ. ಹೀಟ್ ಗನ್ ಒಂದೇ ಕಡೆ ನಿಲ್ಲಿಸಬೇಡಿ. ಫೈಬರ್‌ಗ್ಲಾಸ್‌ನ ಗೆಲ್‌ಕೋಟ್, ಅಂದರೆ ಹೊಳಪಿನ ಮೇಲ್ಪದರ, ಗುಳ್ಳೆ ಏಳಬಹುದು, ಆ ರಿಪೇರಿ ಸ್ಟಿಕ್ಕರ್‌ಗಿಂತ ದುಬಾರಿ.

ತೀರಾ ಒಣಗಿ ಉಗುರಿನಷ್ಟು ತುಂಡುಗಳಾಗಿ ಬರುತ್ತಿದ್ದರೆ, ಡ್ರಿಲ್‌ಗೆ ಹಾಕುವ ರಬ್ಬರ್ ಚಕ್ರ ತನ್ನಿ. ಕಡಿಮೆ ವೇಗದಲ್ಲಿ, ಕೈ ಆಡಿಸುತ್ತಲೇ ಇರಿ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ, ರಬ್ಬರ್ ಪುಡಿ ಮುಖಕ್ಕೇ ಹಾರುತ್ತದೆ. ಉಳಿದ ಅಂಟಿಗೆ ಸಿಟ್ರಸ್ ಆಧಾರದ ರಿಮೂವರ್ ಸಾಕು.

ತೆಗೆದ ಮೇಲೂ ಹಳೆ ಪಟ್ಟೆಯ ಆಕಾರ ಗೋಡೆಯ ಮೇಲೆ ಕಾಣುತ್ತದೆ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದೆ, ಸ್ಟಿಕ್ಕರ್ ಕೆಳಗಿನದು ಮಾಸಿಲ್ಲ. ಪಾಲಿಶ್ ಮಾಡಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ. ಅದಕ್ಕೇ ಹೊಸ ವಿನ್ಯಾಸವನ್ನು ಹಳೆಯದರ ಗುರುತು ಮುಚ್ಚುವ ಹಾಗೆ ಆರಿಸಿಕೊಳ್ಳುವುದು ಜಾಣತನ.

ಹಂತ 8: ಹೊಸದು ಹಾಕಿಸುವಾಗ

ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆ ಎರಡು. ಇದು ಕಾಸ್ಟ್ ವಿನೈಲಾ? ಮೇಲೆ ಯುವಿ ತಡೆಯುವ ಲ್ಯಾಮಿನೇಟ್ (ಪಾರದರ್ಶಕ ಹೊರಪದರ) ಇದೆಯಾ? ಎರಡಕ್ಕೂ ಹೌದು ಎಂದರೆ ಮುಂದಿನ ಮಾತು. ಪ್ರಿಂಟ್ ಮಾಡಿದ ಚಿತ್ರಕ್ಕಂತೂ ಲ್ಯಾಮಿನೇಟ್ ಬೇಕೇ ಬೇಕು. ಬೆಲೆ ಕೇಳಿ ಹಿಂಜರಿಯಬೇಡಿ. ಅಗ್ಗದ್ದನ್ನು ಮರುಭೂಮಿಯಲ್ಲಿ ಹಾಕಿಸಿದರೆ ತೆಗೆಸುವ ಕೂಲಿ ಎರಡು ಸಲ ಕೊಡಬೇಕಾಗುತ್ತದೆ.

ಅಂಟಿಸುವ ದಿನ ಮೈ 50ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ಒಳಗೆ ಇರಬೇಕು. ಫೀನಿಕ್ಸ್‌ನಲ್ಲಿ ಇದು ಚಳಿಗಾಲದ ಕೆಲಸ. ವ್ಯಾಕ್ಸ್‌ನ ಜಿಡ್ಡು ಉಳಿಯದಂತೆ ಆಲ್ಕೋಹಾಲ್‌ನಿಂದ ಒರೆಸಿ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಲು ಹೇಳಿ, ಚೂಪು ಮೂಲೆಯೇ ಮೊದಲು ಏಳುವುದು. ಹಾಕಿದ ಮೇಲೆ ಒಂದೆರಡು ದಿನ ತೊಳೆಯಬೇಡಿ.

ಇನ್ನೊಂದು ಮಾತು, ಸ್ಟಿಕ್ಕರ್ ಚೆನ್ನಾಗಿರುವವರಿಗೆ. ಕೆಲವು ವರ್ಷ ಕಳೆದರೆ ನಿಮ್ಮ ಮಾಡೆಲ್‌ನ ಸ್ಟಿಕ್ಕರ್ ಕಂಪನಿಯಲ್ಲಿ ಸಿಗದೆ ಹೋಗಬಹುದು. ಆಗ ಅಂಗಡಿಯವರು ಫೋಟೋ ನೋಡಿ ಕತ್ತರಿಸಿಕೊಡಬೇಕು. ಈಗಲೇ ಪ್ರತಿ ಪಟ್ಟೆಯ ಪಕ್ಕ ಅಳತೆ ಟೇಪ್ ಅಂಟಿಸಿ, ನೆರಳಿನಲ್ಲಿ, ಎದುರಿಗೆ ನೇರವಾಗಿ ನಿಂತು ಫೋಟೋ ತೆಗೆದಿಡಿ. ಕಿಟಕಿ ಅಂಚಿನಿಂದ, ಬಾಗಿಲ ಚೌಕಟ್ಟಿನಿಂದ ಪಟ್ಟೆ ಎಷ್ಟು ಇಂಚು ದೂರ ಇದೆ ಎಂಬುದನ್ನೂ ಬರೆದಿಡಿ. ಬಾಗಿದ ಪಟ್ಟೆಯಾದರೆ ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್‌ನಲ್ಲಿ ಅಂಚು ಎಳೆದುಕೊಳ್ಳಿ. ಆ ಕಾಗದವನ್ನು ಮಡಚದೆ ಸುರುಳಿ ಸುತ್ತಿ, ಗಾಡಿಯ ಪೇಪರ್‌ಗಳ ಜೊತೆಗೇ ಇಡಿ.